ಥರ್ಮೋಸ್ಟಾಟ್ ಆಫ್‌ಲೈನ್ ಆಗಿದೆಯೇ? ರಿಸೆಟ್ ಒತ್ತುವ ಮೊದಲು ಇವನ್ನು ನೋಡಿ

ನ್ಯೂಜೆರ್ಸಿ, ಇಲಿನಾಯ್, ಮಿಶಿಗನ್‌ನಂಥ ಚಳಿ ರಾಜ್ಯಗಳಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಗೋಡೆಯ ಮೇಲಿನ ಸ್ಮಾರ್ಟ್ ಥರ್ಮೋಸ್ಟಾಟ್ ಹೊಸತೇನಲ್ಲ. 2011ರಲ್ಲಿ ನೆಸ್ಟ್ ಬಂದಾಗಿನಿಂದ ಇದು ಮನೆಮನೆಯ ಸಾಮಾನು. ಟೊರಾಂಟೊದ ಇಕೋಬಿ, ಹಳೇ ಹೆಸರಿನ ಹನಿವೆಲ್ ಕೂಡ ಇವೆ. ಅದು ಕೈಕೊಡುವುದು ಬಹುತೇಕ ಒಂದೇ ರೀತಿಯಲ್ಲಿ: ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಆ್ಯಪ್‌ನಲ್ಲಿ ‘ಆಫ್‌ಲೈನ್’. ತಕ್ಷಣ ಎಲ್ಲರ ಕೈಯೂ ರಿಸೆಟ್ ಕಡೆಗೇ ಹೋಗುತ್ತದೆ.

ಹೋಗಬಾರದು. ಫರ್ನೇಸ್‌ನಿಂದ ಥರ್ಮೋಸ್ಟಾಟ್‌ಗೆ ವಿದ್ಯುತ್, ಅಲ್ಲಿಂದ ರೌಟರ್‌ಗೆ ರೇಡಿಯೋ ಅಲೆ, ರೌಟರ್‌ನಿಂದ ಕಂಪನಿಯ ಸರ್ವರ್‌ಗೆ ಇಂಟರ್‌ನೆಟ್, ಸರ್ವರ್‌ನಿಂದ ನಿಮ್ಮ ಫೋನಿಗೆ. ಇಷ್ಟು ಕೊಂಡಿಗಳಲ್ಲಿ ಯಾವುದು ಕಳಚಿದೆ ಎಂದು ಗೊತ್ತಾಗುವ ತನಕ ಏನನ್ನೂ ಅಳಿಸಬೇಡಿ. ಕೊಂಡಿ ಯಾವುದೆಂದು ಗೊತ್ತಾದರೆ ರಿಪೇರಿ ಸಾಮಾನ್ಯವಾಗಿ ಹತ್ತು ನಿಮಿಷದ ಕೆಲಸ.

1. ಮನೆ ಬೆಚ್ಚಗಿದೆಯೇ, ಮೊದಲು ಅದನ್ನು ನೋಡಿ.

ಆಫ್‌ಲೈನ್ ಅಂದರೆ ಹೀಟಿಂಗ್ ನಿಂತಿದೆ ಎಂದಲ್ಲ. ಥರ್ಮೋಸ್ಟಾಟ್ ಬಳಿಗೇ ಹೋಗಿ, ಕೈಯಿಂದಲೇ ಮೂರು ಡಿಗ್ರಿ ಏರಿಸಿ, ಐದು ನಿಮಿಷ ಕಾಯಿರಿ. ಫರ್ನೇಸ್ ಹೊತ್ತಿಕೊಂಡ ಸದ್ದು ಕೇಳಿ ಗಾಳಿ ಬೆಚ್ಚಗೆ ಬಂದರೆ ನಿಮ್ಮ ತೊಂದರೆ ಬರೀ ಸಂಪರ್ಕದ್ದು; ಭಾನುವಾರ ಬಿಡುವಾಗಿ ಕೂತು ಸರಿಮಾಡಬಹುದು. ಬರದಿದ್ದರೆ ವೈಫೈ ಸುದ್ದಿಗೇ ಹೋಗದೆ ಹೀಟಿಂಗ್ ಮೆಕ್ಯಾನಿಕ್‌ಗೆ ಫೋನ್ ಮಾಡಿ. ವಿಸ್ಕಾನ್ಸಿನ್‌ನ ವಾರೆನ್ ಜಾನ್ಸನ್ ವಿದ್ಯುತ್ ಥರ್ಮೋಸ್ಟಾಟ್‌ಗೆ ಪೇಟೆಂಟ್ ಪಡೆದದ್ದು 1883ರಲ್ಲಿ. ಅಂದಿನಿಂದ ಅದರ ಮೂಲ ಕೆಲಸ ಬದಲಾಗಿಲ್ಲ: ಉಷ್ಣಾಂಶ ಇಳಿದರೆ ಒಂದು ಸರ್ಕೀಟ್ ಕೂಡಿಸುವುದು. ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ. ನೀವು ಹಾಕಿಟ್ಟ ವೇಳಾಪಟ್ಟಿಯೂ ಸಾಮಾನ್ಯವಾಗಿ ಥರ್ಮೋಸ್ಟಾಟ್‌ನೊಳಗೇ ಇರುತ್ತದೆ.

2. ಪರದೆ ಕಪ್ಪಾಗಿದ್ದರೆ ರೌಟರ್ ಮುಟ್ಟಬೇಡಿ.

ಅದು ವಿದ್ಯುತ್ತಿನ ಸಮಸ್ಯೆ. ಥರ್ಮೋಸ್ಟಾಟ್‌ಗೆ ಬರುವುದು ಫರ್ನೇಸ್ ಒಳಗಿನ ಟ್ರಾನ್ಸ್‌ಫಾರ್ಮರ್‌ನಿಂದ 24 ವೋಲ್ಟ್ ಎಸಿ ವಿದ್ಯುತ್. ಅದು ನಿಲ್ಲಲು ಸಣ್ಣಪುಟ್ಟ ಕಾರಣಗಳೇ ಹೆಚ್ಚು. ಫಿಲ್ಟರ್ ಬದಲಿಸಿದ ಮೇಲೆ ಫರ್ನೇಸ್‌ನ ಬಾಗಿಲು ಸರಿಯಾಗಿ ಕೂತಿರುವುದಿಲ್ಲ; ಒಳಗಿನ ಸುರಕ್ಷತಾ ಸ್ವಿಚ್ ಎಲ್ಲವನ್ನೂ ಆರಿಸಿಬಿಡುತ್ತದೆ. ಬ್ರೇಕರ್ ಬಿದ್ದಿರಬಹುದು. ಬೇಸಿಗೆಯಲ್ಲಾದರೆ ಎಸಿಯ ನೀರು ಹೋಗುವ ಕೊಳವೆ ಕಟ್ಟಿಕೊಂಡು ಫ್ಲೋಟ್ ಸ್ವಿಚ್ ವಿದ್ಯುತ್ ಕಡಿದಿರಬಹುದು. ಕಂಟ್ರೋಲ್ ಬೋರ್ಡಿನ ಮೇಲೆ ಕಾರಿನಲ್ಲಿರುವಂಥದ್ದೇ ಪುಟ್ಟ ಫ್ಯೂಸ್ ಇರುತ್ತದೆ, ಸಾಮಾನ್ಯವಾಗಿ 3 ಅಥವಾ 5 ಆಂಪಿಯರ್‌ನದು. ಅದು ಸುಟ್ಟಿದ್ದರೂ ಇದೇ ಗತಿ.

ಊರಿಂದ ಅಪ್ಪ ಅಮ್ಮ ಬಂದು ಉಳಿದಿರುವ ದಿನಗಳಲ್ಲಿ ಇನ್ನೊಂದನ್ನು ನೋಡಿ. ಬೇಸ್‌ಮೆಂಟ್ ಮೆಟ್ಟಿಲ ಬಳಿ ಅಥವಾ ಫರ್ನೇಸ್ ಪಕ್ಕದಲ್ಲಿ ದೀಪದ ಸ್ವಿಚ್ಚಿನ ಹಾಗೇ ಕಾಣುವ ಒಂದು ಸ್ವಿಚ್ ಇರುತ್ತದೆ. ಕರೆಂಟ್ ಸುಮ್ಮನೆ ಪೋಲಾಗಬಾರದು ಎಂದು ಬೆಳೆದ ಹಿರಿಯರು ಕೋಣೆಯಿಂದ ಹೊರಡುವಾಗ ಕಂಡ ಸ್ವಿಚ್ಚನ್ನೆಲ್ಲ ಆರಿಸುತ್ತಾರೆ. ಅದು ಒಳ್ಳೆಯ ಅಭ್ಯಾಸವೇ. ಆ ಒಂದು ಸ್ವಿಚ್ಚಿನ ಮೇಲೆ ಮಾತ್ರ ಕೆಂಪು ಟೇಪ್ ಅಂಟಿಸಿ, ‘ಆರಿಸಬೇಡಿ’ ಎಂದು ಕನ್ನಡದಲ್ಲೇ ಬರೆದಿಡಿ.

3. ಸಿ ವೈರ್ ಇದೆಯೇ, ತಿಳಿದುಕೊಳ್ಳಿ.

ವೈಫೈ ಕಳಚಿಕೊಳ್ಳುವ ದೂರುಗಳಲ್ಲಿ ಜನ ಅತಿ ಕಡಿಮೆ ಅನುಮಾನಿಸುವುದು ಇದನ್ನು. ನನ್ನ ಮಟ್ಟಿಗೆ ಇದೇ ಮೊದಲ ಆರೋಪಿ. ಹಳೇ ಥರ್ಮೋಸ್ಟಾಟ್‌ಗೆ ನಿರಂತರ ವಿದ್ಯುತ್ ಬೇಕಿರಲಿಲ್ಲ, ಹಾಗಾಗಿ ಹಳೇ ಮನೆಗಳಲ್ಲಿ ಅದಕ್ಕೆ ವಾಪಸು ದಾರಿ ಕೊಡುವ ‘ಕಾಮನ್’ ತಂತಿ, ಅಂದರೆ ಸಿ ವೈರ್, ಎಳೆದಿರುವುದಿಲ್ಲ. ಅಂಥ ಕಡೆ ನೆಸ್ಟ್‌ನಂಥವು ಹೀಟಿಂಗ್ ಅಥವಾ ಕೂಲಿಂಗ್ ತಂತಿಯ ಮೂಲಕವೇ ಚೂರುಪಾರು ವಿದ್ಯುತ್ ಎಳೆದುಕೊಂಡು ಒಳಗಿನ ಬ್ಯಾಟರಿ ತುಂಬಿಕೊಳ್ಳುತ್ತವೆ. ಬ್ಯಾಟರಿ ಸೊರಗಿದಾಗ ಅವು ಮೊದಲು ಬಿಡುವುದೇ ವೈಫೈಯನ್ನು. ಮನೆ ಬೆಚ್ಚಗಿಡುವ ಕೆಲಸಕ್ಕೆ ಉಳಿದ ಶಕ್ತಿಯನ್ನು ಕಾಯ್ದಿಟ್ಟುಕೊಳ್ಳುತ್ತವೆ. ನ್ಯಾಯವಾದ ಆಯ್ಕೆಯೇ.

ಇದರ ಗುರುತು ಹೀಗೆ: ಕೆಲವು ಗಂಟೆ ಆಫ್‌ಲೈನ್, ಆಮೇಲೆ ತಾನೇ ಸರಿ, ಮತ್ತೆ ಆಫ್‌ಲೈನ್. ಹೀಟರ್ರೂ ಎಸಿಯೂ ಹೆಚ್ಚು ಓಡದ ಏಪ್ರಿಲ್, ಅಕ್ಟೋಬರ್‌ನಲ್ಲಿ ಕಾಟ ಜಾಸ್ತಿಯಾದರಂತೂ ಬೇರೆ ಸಾಕ್ಷಿ ಬೇಕಿಲ್ಲ. ನೆಸ್ಟ್ ಲರ್ನಿಂಗ್ ಇದ್ದರೆ ಸೆಟ್ಟಿಂಗ್ಸ್‌ನ ತಾಂತ್ರಿಕ ಮಾಹಿತಿಯಲ್ಲಿ ಬ್ಯಾಟರಿಯ ವೋಲ್ಟೇಜ್ ನೋಡಿ. 3.6ಕ್ಕಿಂತ ಕೆಳಗಿದ್ದರೆ ಮುಖವನ್ನು ಗೋಡೆಯಿಂದ ಬಿಡಿಸಿ ಹಿಂಭಾಗದ ಯುಎಸ್‌ಬಿ ಕಿಂಡಿಯಿಂದ ಒಂದೆರಡು ಗಂಟೆ ಚಾರ್ಜ್ ಮಾಡಿ. ವೈಫೈ ತಾನಾಗಿ ಬಂದರೆ ರೋಗ ಗೊತ್ತಾಯಿತು. ಆದರೆ ಅದು ತಾತ್ಕಾಲಿಕ ಮದ್ದು.

ಶಾಶ್ವತ ಮದ್ದು ಸಿ ವೈರ್. ಫರ್ನೇಸ್‌ನ ಬ್ರೇಕರ್ ಆರಿಸಿ, ಥರ್ಮೋಸ್ಟಾಟ್ ಬಿಡಿಸಿ, ಗೋಡೆಯ ತೂತಿನೊಳಗೆ ಇಣುಕಿ. ಜೋಡಿಸದೆ ಮಡಚಿ ಒಳಗೆ ತುರುಕಿದ ಒಂದು ತಂತಿ ಎಷ್ಟೋ ಮನೆಗಳಲ್ಲಿ ಅಲ್ಲೇ ಇರುತ್ತದೆ. ಅದನ್ನು ಎರಡೂ ತುದಿಯಲ್ಲಿ, ಇಲ್ಲಿ ಮತ್ತು ಫರ್ನೇಸ್ ಬೋರ್ಡಿನಲ್ಲಿ, ಸಿ ಅಕ್ಷರದ ತಿರುಪಿಗೆ ಕೂರಿಸಬೇಕು. ತಂತಿಯ ಬಣ್ಣ ನಂಬಬೇಡಿ. ಸಿ ಸಾಮಾನ್ಯವಾಗಿ ನೀಲಿ, ಆದರೆ ಹಿಂದೆ ಕೆಲಸ ಮಾಡಿದವರು ಕೈಗೆ ಸಿಕ್ಕ ಬಣ್ಣ ಹಾಕಿರುತ್ತಾರೆ. ಅಕ್ಷರವನ್ನೇ ನೋಡಿ. ತಂತಿಯೇ ಇಲ್ಲದಿದ್ದರೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ 24 ವೋಲ್ಟ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ಇಕೋಬಿ, ನೆಸ್ಟ್‌ಗಳಿಗೆ ಅವುಗಳದ್ದೇ ಪವರ್ ಅಡಾಪ್ಟರ್‌ಗಳಿವೆ.

ಒಂದು ಎಚ್ಚರಿಕೆ. ಗೋಡೆಯಿಂದ ದಪ್ಪ ತಂತಿಗಳು, ಅವುಗಳಿಗೆ ಟೋಪಿಯಂಥ ಕನೆಕ್ಟರ್‌ಗಳು ಕಂಡರೆ ಕೈ ಹಿಂದೆ ತೆಗೆಯಿರಿ. ಅದು ಬೇಸ್‌ಬೋರ್ಡ್ ಹೀಟರ್‌ನ 120 ಅಥವಾ 240 ವೋಲ್ಟ್ ಲೈನ್. ಅದಕ್ಕೆ ಬೇರೆಯದೇ ಥರ್ಮೋಸ್ಟಾಟ್ ಬೇಕು, ಎಲೆಕ್ಟ್ರಿಷಿಯನ್ನೂ ಬೇಕು.

4. ಗೋಡೆಯ ಪರದೆಯನ್ನೇ ಕೇಳಿ, ಫೋನನ್ನಲ್ಲ.

ಥರ್ಮೋಸ್ಟಾಟ್‌ನ ನೆಟ್‌ವರ್ಕ್ ಪುಟ ತೆರೆಯಿರಿ. ವೈಫೈಗೇ ಸೇರಿಲ್ಲ ಎಂದರೆ ರೌಟರ್ ಕಡೆ ನಡೆಯಿರಿ. ವೈಫೈ ಇದೆ, ಇಂಟರ್‌ನೆಟ್ ಇಲ್ಲ ಎಂದರೆ ತೊಂದರೆ ರೌಟರಿನಾಚೆ. ಎಲ್ಲ ಸರಿ ಎಂದು ತೋರಿಸುತ್ತಾ ಫೋನ್ ಮಾತ್ರ ಆಫ್‌ಲೈನ್ ಎಂದರೆ ಫೋನಿನದೋ ಕಂಪನಿಯ ಸರ್ವರ್‌ನದೋ ತಕರಾರು. ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ಆ್ಯಪ್ ತೆರೆದು ನೋಡಿ. ಕಂಪನಿಯ ಸೇವಾ ಸ್ಥಿತಿಯ ಪುಟವನ್ನೂ ನೋಡಿ. ಸರ್ವರ್ ಬಿದ್ದಿದ್ದರೆ ನೀವು ಮಾಡುವುದೇನೂ ಇಲ್ಲ, ಸುಮ್ಮನಿರಿ. ಈ ಒಂದು ಹೆಜ್ಜೆ ಬಿಟ್ಟವರೇ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು.

5. ಐಪಿ ವಿಳಾಸ 169.254ರಿಂದ ಶುರುವಾಗಿದೆಯೇ?

ಹಾಗಿದ್ದರೆ ಥರ್ಮೋಸ್ಟಾಟ್ ರೌಟರ್‌ನ ಬಾಗಿಲಿಗೆ ಬಂದಿದೆ, ರೌಟರ್ ಅದಕ್ಕೆ ವಿಳಾಸ ಕೊಟ್ಟಿಲ್ಲ. ತಾನೇ ಒಂದನ್ನು ಹಾಕಿಕೊಂಡು ಕೂತಿದೆ. ಮನೆಯ ನೆಟ್‌ವರ್ಕ್‌ನಲ್ಲಿ ಸರಿಯಾದ ವಿಳಾಸ ಸಾಮಾನ್ಯವಾಗಿ 192.168 ಅಥವಾ 10ರಿಂದ ಶುರುವಾಗುತ್ತದೆ. ರೌಟರ್ ಒಮ್ಮೆ ಆರಿಸಿ ಹಚ್ಚಿ. ಪದೇಪದೇ ಆದರೆ ರೌಟರ್‌ನ ಆ್ಯಪ್‌ನಲ್ಲಿ ಥರ್ಮೋಸ್ಟಾಟ್‌ಗೆಂದೇ ಒಂದು ವಿಳಾಸ ಕಾಯ್ದಿರಿಸಿ.

6. ಆರಿಸಿ ಹಚ್ಚುವುದಕ್ಕೂ ಕ್ರಮವಿದೆ.

ಮೊದಲು ಮೋಡೆಮ್, ಅದರ ದೀಪಗಳು ಸ್ಥಿರವಾದ ಮೇಲೆ ರೌಟರ್, ಫೋನಿನಲ್ಲಿ ಇಂಟರ್‌ನೆಟ್ ಬಂದ ಮೇಲೆ ಥರ್ಮೋಸ್ಟಾಟ್. ಮೂರನ್ನೂ ಒಟ್ಟಿಗೆ ಹಚ್ಚಿದರೆ ಥರ್ಮೋಸ್ಟಾಟ್ ಬೇಗ ಎದ್ದು, ರೌಟರ್ ಕಾಣದೆ, ಕೈಚೆಲ್ಲಿ ಕೂರಬಹುದು. ಮಂಜಿನ ಬಿರುಗಾಳಿಗೆ ಕರೆಂಟ್ ಹೋಗಿ ಬಂದಾಗಲೂ ಆಗುವುದು ಇದೇ. ಹತ್ತು ನಿಮಿಷ ಬಿಟ್ಟು ನೋಡಿ. ಎಷ್ಟೋ ಸಲ ತಾನೇ ಸೇರಿಕೊಂಡಿರುತ್ತದೆ. ಗಡಿಯಾರ ಸರಿಯಿದೆಯೇ ಎಂದೂ ಗಮನಿಸಿ. ತಾರೀಖು ತಪ್ಪಿದ್ದರೆ ಕಂಪನಿಯ ಸರ್ವರ್‌ನ ಸುರಕ್ಷತಾ ಪ್ರಮಾಣಪತ್ರವನ್ನು ಉಪಕರಣ ಒಪ್ಪುವುದಿಲ್ಲ, ವೈಫೈ ಚೆನ್ನಾಗಿದ್ದರೂ ಸಂಪರ್ಕ ಕೂಡುವುದಿಲ್ಲ.

7. ಹೊಸ ರೌಟರ್ ಬಂದ ಮೇಲೆ ಕೆಟ್ಟರೆ, 2.4 ಗಿಗಾಹರ್ಟ್ಸ್ ನೋಡಿ.

ರೌಟರ್ 2.4 ಮತ್ತು 5 ಎಂಬ ಎರಡು ತರಂಗಪಟ್ಟಿಗಳಲ್ಲಿ ಮಾತಾಡುತ್ತದೆ, ಹೊಸವು 6ರಲ್ಲೂ. ಇಕೋಬಿ3, ಹನಿವೆಲ್‌ನ ಹಲವು ಮಾದರಿಗಳು 2.4 ಬಿಟ್ಟು ಬೇರೆಯದನ್ನು ಕೇಳಿಸಿಕೊಳ್ಳುವುದಿಲ್ಲ. ಮೂರನೇ ತಲೆಮಾರಿನ ನೆಸ್ಟ್ ಲರ್ನಿಂಗ್‌ನಂಥವು ಎರಡನ್ನೂ ಬಲ್ಲವು. 2.4 ಇಲ್ಲಿ ಕೀಳೇನಲ್ಲ: ವೇಗ ಕಡಿಮೆ, ಆದರೆ ಗೋಡೆ ದಾಟಿ ದೂರ ಹೋಗುತ್ತದೆ. ಡಿಗ್ರಿಯ ಲೆಕ್ಕ ಕಳಿಸಲು ವೇಗ ಯಾಕೆ ಬೇಕು?

ಈಗಿನ ಮೆಶ್ ರೌಟರ್‌ಗಳು ಎಲ್ಲ ಪಟ್ಟಿಗಳಿಗೂ ಒಂದೇ ಹೆಸರಿಟ್ಟು, ಯಾವ ಉಪಕರಣ ಎಲ್ಲಿರಬೇಕೆಂದು ತಾವೇ ತೀರ್ಮಾನಿಸುತ್ತವೆ. ದಿನದ ಬಳಕೆಗೆ ಚೆನ್ನ. ಹೊಸದಾಗಿ ಜೋಡಿಸುವಾಗ ಕಷ್ಟ. ಫೋನ್ 5ರಲ್ಲಿದ್ದು ಥರ್ಮೋಸ್ಟಾಟ್ 2.4ನ್ನು ಹುಡುಕುತ್ತಿದ್ದರೆ ಕೆಲವು ಆ್ಯಪ್‌ಗಳಲ್ಲಿ ಜೋಡಣೆ ಅರ್ಧಕ್ಕೇ ನಿಲ್ಲುತ್ತದೆ. ದಾರಿಗಳು ಎರಡು. ಒಂದು, ರೌಟರ್‌ನಲ್ಲಿ 5 ಗಿಗಾಹರ್ಟ್ಸನ್ನು ಹತ್ತು ನಿಮಿಷ ಆರಿಸಿಡಿ; ಹಲವು ಮೆಶ್ ಕಂಪನಿಗಳು ಈಗ ಇದಕ್ಕೆಂದೇ ಒಂದು ಗುಂಡಿ ಕೊಟ್ಟಿವೆ. ಇನ್ನೊಂದು, ನನಗೆ ಹೆಚ್ಚು ಹಿಡಿಸುವುದು: ಅತಿಥಿ ನೆಟ್‌ವರ್ಕನ್ನು 2.4ರಲ್ಲಿ ಮಾತ್ರ ತೆರೆದು, ಥರ್ಮೋಸ್ಟಾಟ್, ಡೋರ್‌ಬೆಲ್, ಬಲ್ಬ್‌ಗಳನ್ನೆಲ್ಲ ಅದರಲ್ಲಿಡಿ. ಮುಖ್ಯ ನೆಟ್‌ವರ್ಕ್‌ನಲ್ಲಿರುವ ನಿಮ್ಮ ಲ್ಯಾಪ್‌ಟಾಪ್‌ಗಳಿಂದ ಅವು ದೂರವಿರುವುದು ಸುರಕ್ಷತೆಗೂ ಒಳ್ಳೆಯದು. ಜೋಡಿಸುವ ಹೊತ್ತಿನಲ್ಲಿ ಮಾತ್ರ ಫೋನನ್ನೂ ಅದೇ ನೆಟ್‌ವರ್ಕ್‌ಗೆ ಸೇರಿಸಿ.

8. ಪಾಸ್‌ವರ್ಡ್ ಸರಿಯಿದ್ದೂ ತಪ್ಪು ಎನ್ನುತ್ತಿದ್ದರೆ ಸುರಕ್ಷತಾ ಕ್ರಮ ಬದಲಿಸಿ.

ವೈಫೈ ಸುರಕ್ಷತೆಯ ಹೊಸ ಕ್ರಮ ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ. ಅದಕ್ಕೂ ಹಳೆಯ ಥರ್ಮೋಸ್ಟಾಟ್‌ಗೆ ಆ ಭಾಷೆ ಬಾರದು. ರೌಟರ್‌ನಲ್ಲಿ ಡಬ್ಲ್ಯುಪಿಎ2 ಮತ್ತು 3 ಎರಡನ್ನೂ ಒಪ್ಪುವ ಮಿಶ್ರ ಕ್ರಮ ಆಯ್ದುಕೊಳ್ಳಿ; ಅದೂ ಒಗ್ಗದಿದ್ದರೆ ಅತಿಥಿ ನೆಟ್‌ವರ್ಕ್‌ಗೆ ಮಾತ್ರ ಡಬ್ಲ್ಯುಪಿಎ2 ಇಡಿ. ಪಾಸ್‌ವರ್ಡನ್ನೇ ತೆಗೆದುಹಾಕಿ ಜೋಡಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

9. ಚಾನೆಲ್ 1, 6 ಅಥವಾ 11.

2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಈ ಮೂರೇ. ಟೌನ್‌ಹೌಸ್ ಸಾಲುಗಳಲ್ಲಿ ಅಕ್ಕಪಕ್ಕದ ಹತ್ತಾರು ವೈಫೈಗಳು ಇದರಲ್ಲೇ ಕಿಕ್ಕಿರಿದಿರುತ್ತವೆ. ಖಾಲಿಯಾಗಿರುವುದನ್ನು ಹುಡುಕಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. ಭಾರತದಿಂದ ತಂದ ರೌಟರ್ ಬಳಸುವವರು ಇದನ್ನು ವಿಶೇಷವಾಗಿ ನೋಡಬೇಕು. ಅಲ್ಲಿ 12, 13ನೇ ಚಾನೆಲ್‌ಗಳೂ ಬಳಕೆಯಲ್ಲಿವೆ. ಅಮೆರಿಕಕ್ಕೆಂದು ಮಾಡಿದ ಥರ್ಮೋಸ್ಟಾಟ್ ಸಾಮಾನ್ಯವಾಗಿ 11ರಾಚೆಗೆ ನೋಡುವುದೇ ಇಲ್ಲ, ಆ ವೈಫೈ ಅದರ ಪಟ್ಟಿಯಲ್ಲಿ ಕಾಣಿಸುವುದೂ ಇಲ್ಲ.

10. ರೌಟರ್ ಬದಲಿಸಿದರೂ ಹೆಸರು ಬದಲಿಸಬೇಡಿ.

ಈ ಪಟ್ಟಿಯಲ್ಲಿ ಅತಿ ಹೆಚ್ಚು ಸಮಯ ಉಳಿಸುವ ಸೂತ್ರ ಇದು. ಹೊಸ ರೌಟರ್‌ಗೆ ಹಳೆಯದರ ಹೆಸರು, ಹಳೆಯದರ ಪಾಸ್‌ವರ್ಡ್ ಅಕ್ಷರಕ್ಕಕ್ಷರ ಕೊಟ್ಟರೆ ಬಹುಪಾಲು ಉಪಕರಣಗಳು ಮರುಮಾತಿಲ್ಲದೆ ಸೇರಿಕೊಳ್ಳುತ್ತವೆ. ದೊಡ್ಡಕ್ಷರ, ಸಣ್ಣಕ್ಷರ, ಕೊನೆಯಲ್ಲಿ ನುಸುಳಿದ ಖಾಲಿ ಜಾಗ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ವೈಫೈಗೆ ಕನ್ನಡ ಲಿಪಿಯಲ್ಲಿ ‘ನಮ್ಮ ಮನೆ’ ಎಂದು ಹೆಸರಿಡುವ ಪ್ರೀತಿ ನನಗೆ ಅರ್ಥವಾಗುತ್ತದೆ. ಫೋನಿಗೆ, ಲ್ಯಾಪ್‌ಟಾಪ್‌ಗೆ ಅದರಿಂದ ತೊಂದರೆಯಿಲ್ಲ. ಪುಟ್ಟ ಉಪಕರಣಗಳಲ್ಲಿ ಕನ್ನಡ ಅಕ್ಷರಗಳೇ ಇಲ್ಲದೆ ಬರೀ ಚೌಕಗಳು ಕಾಣಬಹುದು. ಜಾಗದ ಮಿತಿಯೂ ಇದೆ: ವೈಫೈ ಹೆಸರಿಗೆ ಸಿಗುವುದು 32 ಬೈಟ್ ಮಾತ್ರ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೆ, ಒತ್ತಿನ ವಿರಾಮಕ್ಕೆ, ಸ್ವರಚಿಹ್ನೆಗೆ ತಲಾ 3 ಬೈಟ್ ಬೇಕು. ‘ನಮ್ಮ ಮನೆ’ 22 ಬೈಟ್‌ಗೆ ಮುಗಿಯುತ್ತದೆ. ಅದಕ್ಕೆ ಊರಿನ ಹೆಸರೂ ಸೇರಿಸಹೊರಟರೆ ಹಿಡಿಸುವುದಿಲ್ಲ. ಮುಖ್ಯ ನೆಟ್‌ವರ್ಕ್‌ಗೆ ಕನ್ನಡದ ಹೆಸರೇ ಇರಲಿ. ಥರ್ಮೋಸ್ಟಾಟ್ ಇರುವ ಅತಿಥಿ ನೆಟ್‌ವರ್ಕ್‌ಗೆ ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿಗಳ ಸರಳ ಹೆಸರು ಸಾಕು. ಎಮೋಜಿ ಬೇಡ, ಅಪಾಸ್ಟ್ರಫಿಯೂ ಬೇಡ.

11. ಸಿಗ್ನಲ್ಲನ್ನು ಅಳೆಯಿರಿ.

ಕಡ್ಡಿಗಳ ಲೆಕ್ಕ ಸಾಲದು. ರೌಟರ್‌ನ ಆ್ಯಪ್‌ನಲ್ಲಿ ಥರ್ಮೋಸ್ಟಾಟ್‌ನ ಎದುರಿಗೆ ಡಿಬಿಎಂ ಸಂಖ್ಯೆ ಇದ್ದರೆ ಅದನ್ನು ನೋಡಿ. ಮೈನಸ್ 50ರ ಸುಮಾರು ಅತ್ಯುತ್ತಮ, ಮೈನಸ್ 67ರ ತನಕ ನಿಶ್ಚಿಂತೆ, ಮೈನಸ್ 80 ತಲುಪಿದರೆ ಕಳಚಿಕೊಳ್ಳುವ ಸಂಭವ ಹೆಚ್ಚು. ಮರದ ಚೌಕಟ್ಟು, ಡ್ರೈವಾಲ್‌ನ ಮನೆಗಳಲ್ಲಿ ಅಲೆ ಸಲೀಸಾಗಿ ದಾಟುತ್ತದೆ. ಹಳೇ ಮನೆಗಳ ಲೋಹದ ಜಾಲರಿಯ ಗಾರೆ ಗೋಡೆ, ಅಲ್ಯೂಮಿನಿಯಂ ಹಾಳೆಯ ಇನ್ಸುಲೇಶನ್, ನಡುವೆ ಬರುವ ಫ್ರಿಜ್, ಆಳೆತ್ತರದ ಕನ್ನಡಿ ಅದನ್ನು ತಡೆಯುತ್ತವೆ. ಕೇಬಲ್ ಅಲ್ಲೇ ಬಂದಿದೆ ಎಂದು ರೌಟರನ್ನು ಬೇಸ್‌ಮೆಂಟಿನ ಮೂಲೆಯಲ್ಲಿಟ್ಟಿದ್ದರೆ ಮೇಲಕ್ಕೆ ತನ್ನಿ. ಅಡುಗೆ ಹೊತ್ತಿನಲ್ಲೇ ಕಾಟ ಎಂದರೆ ಮೈಕ್ರೋವೇವ್ ಕಡೆ ನೋಡಿ, ಅದೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಕೆಲಸ ಮಾಡುವುದು.

12. ಫೋನಿನ ಅನುಮತಿಗಳನ್ನು ಕೊಡಿ.

ಜೋಡಿಸುವಾಗ ಬ್ಲೂಟೂತ್, ಲೊಕೇಶನ್ ಎರಡೂ ಆನ್ ಇರಲಿ. ಐಫೋನಿನಲ್ಲಿ 2020ರ ಐಓಎಸ್ 14ರಿಂದೀಚೆಗೆ ‘ಲೋಕಲ್ ನೆಟ್‌ವರ್ಕ್’ ಎಂಬ ಪ್ರತ್ಯೇಕ ಅನುಮತಿ ಇದೆ. ಒಮ್ಮೆ ಅವಸರದಲ್ಲಿ ‘ಬೇಡ’ ಒತ್ತಿದ್ದರೆ ಆ್ಯಪ್‌ಗೆ ಥರ್ಮೋಸ್ಟಾಟ್ ಕಾಣುವುದೇ ಇಲ್ಲ. ಆಫೀಸಿನ ವಿಪಿಎನ್ ಆರಿಸಿ. ಜಾಹೀರಾತು ತಡೆಯುವ ಡಿಎನ್‌ಎಸ್ ಹಾಕಿಕೊಂಡಿದ್ದರೆ ಅದನ್ನೂ ಸ್ವಲ್ಪ ಹೊತ್ತು ನಿಲ್ಲಿಸಿ.

13. ಲಾಗಿನ್ ಪುಟ ಕೇಳುವ ವೈಫೈಗೆ ಥರ್ಮೋಸ್ಟಾಟ್ ಸೇರದು.

ಅಪಾರ್ಟ್‌ಮೆಂಟ್, ವಿಶ್ವವಿದ್ಯಾಲಯದ ವಸತಿಗಳಲ್ಲಿ ಹೀಗಾಗುತ್ತದೆ. ಥರ್ಮೋಸ್ಟಾಟ್‌ಗೆ ಬ್ರೌಸರ್ ಇಲ್ಲ. ಅದರ ಗುರುತುಸಂಖ್ಯೆಯಾದ ಮ್ಯಾಕ್ ವಿಳಾಸವನ್ನು ಆಡಳಿತದವರಿಗೆ ಕೊಟ್ಟು ನೋಂದಾಯಿಸಿ.

14. ಉಪಕರಣದ ವಯಸ್ಸು ನೋಡಿ.

ನೆಸ್ಟ್ ಲರ್ನಿಂಗ್‌ನ ಮೊದಲ ಎರಡು ತಲೆಮಾರುಗಳಿಗೆ ಗೂಗಲ್ 2025ರ ಅಕ್ಟೋಬರ್ 25ರಂದು ಬೆಂಬಲ ನಿಲ್ಲಿಸಿತು. ಅವು ಗೋಡೆಯ ಮೇಲೆ ವೇಳಾಪಟ್ಟಿಯಂತೆ ಕೆಲಸ ಮಾಡುತ್ತವೆ, ಆ್ಯಪ್‌ಗೆ ಮಾತ್ರ ಸಿಗುವುದಿಲ್ಲ. ಅಂಥದ್ದಕ್ಕೆ ಒಂದು ಇಡೀ ಶನಿವಾರ ವ್ಯಯಿಸಬೇಡಿ. ಗಟ್ಟಿಮುಟ್ಟಾಗಿರುವ ಸಾಮಾನನ್ನು ಹೀಗೆ ಅರ್ಧ ಕೈಬಿಡುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಹೊಸದನ್ನು ಕೊಳ್ಳುವಾಗ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂದು ಕೇಳಿಯೇ ಕೊಳ್ಳಿ. ಹಳೇ ಮನೆ ಕೊಂಡು ಅದರ ಜೊತೆ ಥರ್ಮೋಸ್ಟಾಟ್ ಬಂದಿದ್ದರೆ, ಅದು ಇನ್ನೂ ಹಿಂದಿನ ಮಾಲೀಕರ ಖಾತೆಯಲ್ಲೇ ಇದೆಯೇ ಎಂದೂ ನೋಡಬೇಕು.

15. ರಿಸೆಟ್ ಕೊನೆಗೆ, ಅದೂ ಸಣ್ಣದು ಮೊದಲು.

ನೆಟ್‌ವರ್ಕ್ ರಿಸೆಟ್ ಬೇರೆ, ಫ್ಯಾಕ್ಟರಿ ರಿಸೆಟ್ ಬೇರೆ. ಮೊದಲನೆಯದು ವೈಫೈ ಹೆಸರು, ಪಾಸ್‌ವರ್ಡ್ ಮಾತ್ರ ಮರೆಯುತ್ತದೆ. ಎರಡನೆಯದು ವೇಳಾಪಟ್ಟಿ, ತಂತಿಗಳ ವಿವರ, ಹೀಟ್ ಪಂಪ್‌ನ ಹೊಂದಾಣಿಕೆ, ಎಲ್ಲವನ್ನೂ ಮರೆಯುತ್ತದೆ. ಹೀಟ್ ಪಂಪ್‌ನಲ್ಲಿ ಬಿಸಿ-ತಂಪು ಅದಲುಬದಲು ಮಾಡುವ ಓ/ಬಿ ತಂತಿಯ ಆಯ್ಕೆ ತಪ್ಪಿ ಹೋದರೆ ಬಿಸಿ ಕೇಳಿದಾಗ ತಣ್ಣನೆಯ ಗಾಳಿ ಬೀಸುತ್ತದೆ. ಹಾಗಾಗಿ ಮುಖವನ್ನು ಬಿಡಿಸಿ ತಂತಿಗಳ ಫೋಟೋ, ಸೆಟ್ಟಿಂಗ್ಸ್‌ನ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಂಡೇ ಒತ್ತಿ.

16. ಊರಿಗೆ ಹೊರಡುವ ಒಂದು ವಾರ ಮೊದಲೇ ಪರೀಕ್ಷಿಸಿ.

ಡಿಸೆಂಬರ್‌ನಲ್ಲಿ ಬೆಂಗಳೂರಿಗೋ ಮೈಸೂರಿಗೋ ಹೊರಟವರಿಗೆ ಆಫ್‌ಲೈನ್ ಎಂಬುದು ಬರೀ ಕಿರಿಕಿರಿಯಲ್ಲ. ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಒಡೆದರೆ ಮನೆಯೇ ಕೊಳವಾಗುತ್ತದೆ. 2016ರ ಜನವರಿಯಲ್ಲಿ ಸಾಫ್ಟ್‌ವೇರ್ ದೋಷವೊಂದರಿಂದ ನೆಸ್ಟ್‌ಗಳ ಬ್ಯಾಟರಿ ಬರಿದಾಗಿ ಎಷ್ಟೋ ಮನೆಗಳು ನಡುಚಳಿಯಲ್ಲಿ ತಣ್ಣಗಾಗಿದ್ದವು. ಆದ್ದರಿಂದ ಗೋಡೆಯ ಮೇಲೆಯೇ ಕನಿಷ್ಠ 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 13 ಡಿಗ್ರಿ ಸೆಲ್ಸಿಯಸ್, ಇರುವಂತೆ ನಿಲ್ಲಿಸಿ. ಆಗ ವೈಫೈ ಹೋದರೂ ಹೀಟಿಂಗ್ ನಡೆಯುತ್ತದೆ. ಮನೆಗೆ ನೀರು ಬರುವ ಮುಖ್ಯ ವಾಲ್ವ್ ಮುಚ್ಚಿ. ಹೊರಡುವಾಗ ಎಲ್ಲ ಪ್ಲಗ್ ಕಿತ್ತಿಡುವ ಅಭ್ಯಾಸವಿದ್ದರೆ ಮೋಡೆಮ್, ರೌಟರ್ ಎರಡನ್ನು ಬಿಟ್ಟುಬಿಡಿ.

ಆ್ಯಪ್ ಲಾಗಿನ್ ಅನ್ನೂ ಮೊದಲೇ ನೋಡಿಕೊಳ್ಳಿ. ಊರಲ್ಲಿ ಸಿಮ್ ಬದಲಿಸಿದ ಮೇಲೆ ಆ್ಯಪ್ ಹೊರದಬ್ಬಿದರೆ ಓಟಿಪಿ ಹೋಗುವುದು ಅಮೆರಿಕದ ನಂಬರಿಗೆ. ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ, ಇಲ್ಲವೇ ಓಟಿಪಿ ಇಮೇಲ್‌ಗೆ ಬರುವಂತೆ ಮಾಡಿ. ಉಷ್ಣಾಂಶ ಇಳಿದರೆ ಎಚ್ಚರಿಸುವ ಸಂದೇಶ ಚಾಲೂ ಮಾಡಿ, ಹತ್ತಿರದಲ್ಲೇ ಇರುವ ಗೆಳೆಯರೊಬ್ಬರನ್ನು ಖಾತೆಗೆ ಸೇರಿಸಿ, ಮನೆ ಕೀಲಿಯನ್ನೂ ಅವರಿಗೇ ಕೊಟ್ಟು ಫರ್ನೇಸ್ ಸ್ವಿಚ್ ಎಲ್ಲಿದೆ ಎಂದು ತೋರಿಸಿ. ನ್ಯೂಜೆರ್ಸಿಯಲ್ಲಿ ನಸುಕಿನ 5 ಗಂಟೆ ಅಂದರೆ ಚಳಿಗಾಲದಲ್ಲಿ ಬೆಂಗಳೂರಿಗೆ ಮಧ್ಯಾಹ್ನ ಮೂರೂವರೆ. ಚಳಿ ಅತಿ ಹೆಚ್ಚಿರುವುದು ಸಾಮಾನ್ಯವಾಗಿ ಆ ಹೊತ್ತಿನಲ್ಲಿ, ಆ್ಯಪ್ ನೋಡುವುದಿದ್ದರೆ ಆಗಲೇ ನೋಡಿ. 55ಕ್ಕಿಂತ ಕೆಳಗಿಳಿದಿದ್ದರೆ ಕೀಲಿ ಇರುವ ಗೆಳೆಯರಿಗೆ ಫೋನ್ ಮಾಡಿ.